ತಂಡದಲ್ಲಿ ನನ್ನ ಪಾತ್ರ ಯಾವುದು?

ಪ್ರಶ್ನೆ: ಎಂಟು ಜನರ ತಂಡದಲ್ಲಿ ಎರಡು ವರ್ಷಗಳಿಂದ ದುಡಿಯುತ್ತಿದ್ದೇನೆ. ಸಭೆಗಳಲ್ಲಿ ಹೊಸ ವಿಚಾರ ಹೇಳುವವರು, ಮುಂದಾಳತ್ವ ವಹಿಸುವವರು ಬೇರೆಯವರೇ. ನನಗೆ ಮಾತು ಬೇಗ ಹೊರಡುವುದಿಲ್ಲ. ನನಗೆ ಸಹಜವಾದ ಪಾತ್ರವನ್ನು ಕಂಡುಕೊಳ್ಳುವುದು ಹೇಗೆ?

ಉತ್ತರ: ಮಾತು ಕಡಿಮೆ ಎಂಬ ಕಾರಣಕ್ಕೆ ನಿಮಗೆ ಪಾತ್ರವೇ ಇಲ್ಲವೆಂದು ದಯವಿಟ್ಟು ಭಾವಿಸಬೇಡಿ. ಬ್ರಿಟನ್ನಿನ ಸಂಶೋಧಕ ಮೆರೆಡಿತ್ ಬೆಲ್ಬಿನ್ ಅವರು 1970ರ ದಶಕದಲ್ಲಿ ಕಂಪನಿ ನಡೆಸುವುದನ್ನು ಅಭ್ಯಾಸ ಮಾಡಿಸುವ ವ್ಯವಹಾರದ ಆಟಗಳಲ್ಲಿ ತೊಡಗಿದ್ದ ತಂಡಗಳನ್ನು ಗಮನಿಸಿದಾಗ, ಚುರುಕು ಬುದ್ಧಿಯವರನ್ನೇ ಆರಿಸಿ ಕಟ್ಟಿದ ತಂಡಗಳು ಪರಸ್ಪರ ವಾದದಲ್ಲೇ ಮುಳುಗಿ ಹಲವು ಬಾರಿ ಹಿಂದೆ ಬಿದ್ದುದನ್ನು ಕಂಡರು. ಅವರು ಮೊದಲು ಎಂಟು, ಬಳಿಕ ಒಂಬತ್ತು ಪಾತ್ರಗಳನ್ನು ಗುರುತಿಸಿದರು. ಹೊಸ ಕಲ್ಪನೆ ಕೊಡುವವರಿಗೆ ಇರುವಷ್ಟೇ ಸ್ಥಾನ ಅದನ್ನು ತೂಗಿ ನೋಡುವವರಿಗೂ, ಉಳಿದ ತಪ್ಪುಗಳನ್ನು ಹುಡುಕಿ ತಿದ್ದಿ ಕೆಲಸ ಮುಗಿಸುವವರಿಗೂ ಆ ಪಟ್ಟಿಯಲ್ಲಿದೆ.

ಮುಂದಿನ ಎರಡು ವಾರ, ಯಾರೂ ವಹಿಸದಿದ್ದರೂ ನೀವಾಗಿಯೇ ಮಾಡಿದ ಕೆಲಸಗಳನ್ನು ಬರೆದಿಡಿ. ವರದಿ ಕಳುಹಿಸುವ ಮುನ್ನ ಕೋಷ್ಟಕದ ಮೊತ್ತವನ್ನು ಮತ್ತೊಮ್ಮೆ ಕೂಡಿ ನೋಡಿದಿರಾ? ಇಬ್ಬರ ನಡುವೆ ಮಾತು ಬಿರುಸಾದಾಗ, ಸಭೆ ಮುಗಿದ ಮೇಲೆ ಒಬ್ಬೊಬ್ಬರ ಬಳಿ ಹೋಗಿ ಕುಳಿತಿರಾ? ಮಾಡಿದ ಮೇಲೆ ದಣಿವಿಗಿಂತ ನೆಮ್ಮದಿಯೇ ಹೆಚ್ಚಾಗಿ ಉಳಿಯುವ ಕೆಲಸದಲ್ಲಿ ನಿಮ್ಮ ಸಹಜ ಒಲವು ಇದೆ ಎಂಬುದು ನನ್ನ ನಂಬಿಕೆ. ಆದರೆ ನಮ್ಮ ಕಣ್ಣಿಗೆ ನಾವು ಪೂರ್ತಿ ಕಾಣುವುದಿಲ್ಲವಾದ್ದರಿಂದ, ನಂಬಿಕೆಯ ಇಬ್ಬರು ಸಹೋದ್ಯೋಗಿಗಳನ್ನು "ನಾನು ರಜೆಯಲ್ಲಿದ್ದಾಗ ಯಾವ ಕೆಲಸಕ್ಕೆ ತೊಡಕಾಗುತ್ತದೆ?" ಎಂದು ನೇರವಾಗಿ ಕೇಳಿ. ಹೀಗೆ ತಿಳಿದುಬಂದ ಪಾತ್ರ ಶಾಶ್ವತವಾದ ಹಣೆಪಟ್ಟಿಯಲ್ಲ. ಹೆಚ್ಚಿನವರಿಗೆ ಎರಡು ಮೂರು ಪಾತ್ರಗಳು ಒಗ್ಗುತ್ತವೆ, ತಂಡ ಬದಲಾದಂತೆ ಅವುಗಳಲ್ಲಿ ಬೇರೊಂದು ಮುಂದೆ ಬರಬಹುದು.