ಸಂಜೆ ಗುಂಡುಗುಂಡಾಗಿದ್ದ ಕೋಳಿ ಬೆಳಿಗ್ಗೆ ಅಂಗಾತ ಬಿದ್ದಿರುತ್ತೆ, ಯಾಕೆ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ದು ಅರಸೀಕೆರೆ ಹತ್ರ ಹಳ್ಳಿ. ಮನೆ ಹಿಂದೆ ಶೀಟ್ ಹಾಕಿ 100 ಬ್ರಾಯ್ಲರ್ ಮರಿ ತಂದು ಸಾಕ್ತಿದೀವಿ, ಈಗ 26 ದಿನ ಆಯ್ತು. ಮೊದಲನೇ ವಾರದಲ್ಲೇ 4 ಹೋದ್ವು, ಆಮೇಲೆ ಸ್ವಲ್ಪ ದಿನ ಏನೂ ಇಲ್ಲ, ಈಗ ಎರಡು ದಿನಕ್ಕೊಂದು ಮೂರು ದಿನಕ್ಕೊಂದು ಅಂತ 5 ಸತ್ತಿವೆ. ಕಾಯಿಲೆ ಏನೂ ಕಾಣಲ್ಲ, ರಾತ್ರಿ ಚೆನ್ನಾಗಿ ತಿಂದಿರ್ತವೆ, ಬೆಳಿಗ್ಗೆ ನೋಡಿದ್ರೆ ಕಾಲು ಮೇಲೆ ಮಾಡ್ಕೊಂಡು ಬಿದ್ದಿರ್ತವೆ, ಅದೂ ದಪ್ಪ ಇರೋವೇ ಸಾಯ್ತವೆ. ಔಷಧಿ ಅಂಗಡಿಯಲ್ಲಿ ಆಂಟಿಬಯೋಟಿಕ್ ಪುಡಿ ಕೊಟ್ರು, ನೀರಿಗೆ ಹಾಕಿದ್ವಿ, ಏನೂ ಪ್ರಯೋಜನ ಇಲ್ಲ. ಪಕ್ಕದ ಮನೆಯವ್ರು ದೃಷ್ಟಿ ಆಗಿದೆ ಅಂತಾರೆ. ಬೆಕ್ಕು ಇಲಿ ಕಾಟ ಅಂತ ರಾತ್ರಿಯೆಲ್ಲಾ ಬಲ್ಬ್ ಹಾಕಿರ್ತೀವಿ. ಏನ್ ಮಾಡ್ಲಿ?

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಒಟ್ಟು 9 ಅಂತ ಕೂಡಿಸಿ ಗಾಬರಿ ಆಗ್ಬೇಡಿ, ಆ 4 ಬೇರೆ ಲೆಕ್ಕ, ಈ 5 ಬೇರೆ ಲೆಕ್ಕ. ಮೊದಲ ವಾರದ ಸಾವಿಗೆ ಕಾರಣ ಬಹುಪಾಲು ಮರಿಯ ಕ್ವಾಲಿಟಿ ಇಲ್ಲಾ ಶಾಖ. ಹೊಕ್ಕುಳು ಸರಿಯಾಗಿ ಮುಚ್ಚದೆ ಒದ್ದೆ ಒದ್ದೆ ಇರೋ ಮರಿ, ಸಾಗಿಸುವಾಗ ನೀರಿಲ್ಲದೆ ಬಾಡಿದ ಮರಿ, ಬ್ರೂಡರ್ (ಮರಿಗೆ ಶಾಖ ಕೊಡೋ ಗೂಡು) ಒಳಗೆ ಚಳಿಗೆ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿದ ಮರಿ, ಇವು ಮೊದಲ ವಾರದಲ್ಲೇ ಹೋಗ್ತವೆ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಇರ್ಬೇಕು, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸ್ತಾ ಬನ್ನಿ. ಥರ್ಮಾಮೀಟರ್ ಇಲ್ದಿದ್ರೂ ಪರ್ವಾಗಿಲ್ಲ, ಮರಿಗಳೇ ಹೇಳ್ತವೆ: ಬಲ್ಬ್ ಕೆಳಗೆ ಗುಂಪು ಕಟ್ಟಿದ್ರೆ ಚಳಿ, ಗೋಡೆ ಕಡೆ ಓಡಿ ಬಾಯಿ ತೆಗೆದಿದ್ರೆ ಸೆಕೆ, ಅಲ್ಲಲ್ಲಿ ಹರಡಿಕೊಂಡು ಮಲಗಿದ್ರೆ ಸರಿ ಇದೆ. ಕರೆಂಟ್ ಹೋಗುತ್ತೆ ಅಂತ ಇದ್ದಿಲಿನ ಒಲೆ ಇಡೋರು ಟಾರ್ಪಾಲ್ ಪೂರ್ತಿ ಮುಚ್ಚಬೇಡಿ, ಹೊಗೆ ಕಾಣದಿದ್ರೂ ಆ ಗಾಳಿಗೆ ಇಡೀ ಬ್ಯಾಚ್ ಹೋಗುತ್ತೆ.

ಈಗಿನ 5 ನೀವು ಹೇಳಿದ ಹಾಗೇ ಇದ್ರೆ ನಂಗೆ ಜಾಸ್ತಿ ಅನುಮಾನ ಬರೋದು ಸಡನ್ ಡೆತ್ ಮೇಲೆ, ಬ್ರಾಯ್ಲರ್ ಸಾಕೋರಿಗೆಲ್ಲಾ ಗೊತ್ತಿರೋದೇ. ಎರಡನೇ ವಾರದಿಂದ ನಾಲ್ಕನೇ ವಾರದೊಳಗೆ, ಅದ್ರಲ್ಲೂ ಚೆನ್ನಾಗಿ ಬೆಳೀತಿರೋ ಹುಂಜಗಳು, ತಿನ್ನೋ ಕಡೆ ನಿಂತಿದ್ದದ್ದು ಹಾಗೇ ರೆಕ್ಕೆ ಬಡಿದು ಒಂದೆರಡು ನಿಮಿಷದಲ್ಲಿ ಅಂಗಾತ ಬಿದ್ದು ಸಾಯುತ್ತೆ, ಹೃದಯ ತಡ್ಕೊಳ್ಳಲ್ಲ. ಕೊಯ್ದು ನೋಡಿದ್ರೆ ಗಂಟಲಚೀಲ ಹೊಟ್ಟೆ ತುಂಬಾ ಫೀಡ್, ಶ್ವಾಸಕೋಶ ಕೆಂಪಗೆ ರಕ್ತ ತುಂಬಿರುತ್ತೆ, ಪಿತ್ತಕೋಶ ಖಾಲಿ ಇರ್ಬಹುದು, ಬೇರೆ ರೋಗದ ಗುರುತು ಏನೂ ಸಿಗಲ್ಲ. ಇದು ಅಂಟು ರೋಗ ಅಲ್ಲ, ದೃಷ್ಟಿನೂ ಅಲ್ಲ, ಪುಡಿ ಹಾಕಿ ಗೆಲ್ಲೋದಲ್ಲ. ರೋಗ ಏನು ಅಂತ ಗೊತ್ತಿಲ್ದೆ ಆಂಟಿಬಯೋಟಿಕ್ ಕೊಡೋದು ದುಡ್ಡು ನೀರಿಗೆ ಹಾಕಿದ ಹಾಗೆ, ಮೇಲಾಗಿ ಲೇಬಲ್‌ನಲ್ಲಿ ಬರೆದಿರೋ ದಿನ ಕಳೆಯೋವರೆಗೂ ಆ ಕೋಳಿ ಮಾರೋ ಹಾಗಿಲ್ಲ, ತಿನ್ನೋ ಹಾಗಿಲ್ಲ.

ಮಾಡ್ಬೇಕಾದ್ದು ಬೆಳವಣಿಗೆಯ ಓಟ ಸ್ವಲ್ಪ ನಿಧಾನ ಮಾಡೋದು. ರಾತ್ರಿಯೆಲ್ಲಾ ಬಲ್ಬ್ ಬೇಡ. ಮೊದಲ ಮೂರು ನಾಲ್ಕು ದಿನ ಬೆಳಕಿರ್ಲಿ, ಆಮೇಲೆ ಕ್ರಮೇಣ ದಿನಕ್ಕೆ 4ರಿಂದ 6 ಗಂಟೆ ಕತ್ತಲು ಅಭ್ಯಾಸ ಮಾಡ್ಸಿ, ಒಂದೇ ಸಲ ಆಫ್ ಮಾಡಿದ್ರೆ ಗಾಬರಿಯಿಂದ ಒಂದು ಮೂಲೆಗೆ ಗುಡ್ಡೆ ಬಿದ್ದು ಸಾಯ್ತವೆ. ಬೆಕ್ಕಿನ ಕಾಟಕ್ಕೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಬಲ್ಬ್ ಕಾವಲುಗಾರ ಅಲ್ಲ. ಎರಡನೇ ಮೂರನೇ ವಾರ ಫೀಡರ್ ಯಾವಾಗ್ಲೂ ತುಂಬಿಟ್ಟಿರದೆ ಸ್ವಲ್ಪ ಹೊತ್ತು ಖಾಲಿ ಬಿಡಿ, ಕಾಳುಗಟ್ಟಿದ ಫೀಡ್ ಬದಲು ಪುಡಿ ಫೀಡ್ ಕೊಟ್ರೂ ತೂಕ ನಿಧಾನಕ್ಕೆ ಏರುತ್ತೆ. ಎರಡು ಮೂರು ದಿನ ತಡವಾಗಿ ಮಾರಿದ್ರೆ ಏನು ನಷ್ಟ ಹೇಳಿ.

ಆದ್ರೆ ನನ್ನ ಅನುಮಾನದ ಮೇಲೇ ಕೂರಬೇಡಿ. ಹೊಟ್ಟೆ ಊದಿ ಒಳಗೆ ನೀರು ತುಂಬಿದ್ರೆ ಅದು ಬೇರೆ ಕಾಯಿಲೆ, ಗಾಳಿ ಆಡದ ಶೆಡ್ಡು, ಚಳಿ, ಲಿಟ್ಟರ್‌ನ (ನೆಲಕ್ಕೆ ಹಾಸಿದ ಹೊಟ್ಟಿನ) ಅಮೋನಿಯಾ ಇದಕ್ಕೆ ದಾರಿ. ಮೊಣಕಾಲೂರಿ ಕೋಳಿ ಎತ್ತರಕ್ಕೆ ಮೂಗು ಇಟ್ಟು ನೋಡಿ, ನಿಮ್ಮ ಕಣ್ಣು ಉರಿದ್ರೆ ಅವಕ್ಕೆ ದಿನಪೂರ್ತಿ ಅದೇ ಉರಿ. ಭತ್ತದ ಹೊಟ್ಟು 2-3 ಇಂಚು ಹಾಕಿ, ಡ್ರಿಂಕರ್ ಸುತ್ತ ಒದ್ದೆ ಆದ ಭಾಗ ತೆಗೆದು ಹೊಸದು ಹಾಕಿ. ಹಿಕ್ಕೆಯಲ್ಲಿ ರಕ್ತ ಇದ್ರೆ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ. ಮೂರನೇ ವಾರ ಆದ್ಮೇಲೆ ಮರಿ ಮಂಕಾಗಿ ಬಿಳಿ ನೀರು ಹಿಕ್ಕೆ ಹಾಕಿ ಸಾವು ದಿಢೀರ್ ಏರಿದ್ರೆ ಗಂಬೋರೋ ಅನ್ನೋ ವೈರಸ್ ರೋಗ. ಕತ್ತು ತಿರುಚಿ ಹಸಿರು ಹಿಕ್ಕೆ ಹಾಕಿದ್ರೆ ಕೊಕ್ಕರೆ ರೋಗ (ರಾಣಿಖೇತ್). ಈ ಕೊನೆಯ ಎರಡಕ್ಕೆ ಲಸಿಕೆ ಇದೆ: 5ರಿಂದ 7ನೇ ದಿನಕ್ಕೆ ಕೊಕ್ಕರೆ ರೋಗದ್ದು, 12ರಿಂದ 14ಕ್ಕೆ ಗಂಬೋರೋದು, ಮೂರನೇ ವಾರದ ಹೊತ್ತಿಗೆ ಕೊಕ್ಕರೆ ರೋಗದ ಇನ್ನೊಂದು. ಐಸ್‌ನಲ್ಲಿ ತನ್ನಿ, ಬ್ಲೀಚಿಂಗ್ ಹಾಕಿದ ನಲ್ಲಿ ನೀರಿಗೆ ಬೆರೆಸಬೇಡಿ.

ಫೀಡ್ ಚೀಲಕ್ಕೆ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೀರಿ. ಮುಗ್ಗು ವಾಸನೆ ಬಂದ್ರೆ, ಮೆಕ್ಕೆಜೋಳ ಗಂಟುಗಂಟಾಗಿದ್ರೆ ಬಿಸಾಕಿ, ಬೂಸ್ಟಿನ ವಿಷ ಲಿವರ್ ಹಾಳು ಮಾಡುತ್ತೆ, ಬಿಸಿಲಿಗೆ ಒಣಗಿಸಿದ್ರೆ ಹೋಗಲ್ಲ. ಚೀಲ ನೆಲದ ಮೇಲೆ ಗೋಡೆಗೆ ಒರಗಿಸಿ ಇಡ್ಬೇಡಿ.

ಮುಂದಿನದು ಸತ್ತರೆ ಫ್ರೀಜರ್‌ಗೆ ಹಾಕ್ದೆ ಐಸ್ ಡಬ್ಬದಲ್ಲಿಟ್ಟು ಅದೇ ದಿನ ಹಾಸನದ ವೆಟರ್ನರಿ ಕಾಲೇಜಿಗೋ ತಾಲೂಕು ಪಶು ಆಸ್ಪತ್ರೆಗೋ ಒಯ್ದು ಪೋಸ್ಟ್ ಮಾರ್ಟಮ್ ಮಾಡ್ಸಿ. ಜೊತೆಗೆ ಒಂದು ಚೀಟಿ: ಎಷ್ಟು ದಿನದ ಕೋಳಿ, ಹುಂಜನಾ ಹೇಂಟೆನಾ, ಎಷ್ಟೊತ್ತಿಗೆ ಸತ್ತಿದ್ದು, ಹೆಂಗೆ ಬಿದ್ದಿತ್ತು, ಯಾವ ಲಸಿಕೆ ಯಾವತ್ತು. ಆ ಚೀಟಿ ಇಲ್ದೆ ಹೋದ್ರೆ ಡಾಕ್ಟ್ರೂ ಊಹೆ ಮಾಡ್ಬೇಕಾಗುತ್ತೆ.

ಪ್ರಶ್ನೆ: ರಾಯಚೂರು ಸಾರ್, ಏಪ್ರಿಲ್ ಬಂದ್ರೆ ಮಧ್ಯಾಹ್ನ 2ರಿಂದ 4ರೊಳಗೇ ಸಾಯ್ತವೆ, ತಗಡಿನ ಶೆಡ್ಡು.

ಉತ್ತರ: ನಿಮ್ಮಲ್ಲಿ ಹುಡುಕೋದೇ ಬೇಡ, ಸೆಕೆ. ತಗಡಿನ ಮೇಲೆ ಜೋಳದ ಸೊಪ್ಪೆ ಹಾಸಿ ನೀರು ಚಿಮುಕಿಸಿ, ಸುಣ್ಣ ಬಳೀರಿ. ಬೆಳಿಗ್ಗೆ 10ಕ್ಕೆ ಫೀಡರ್ ಎತ್ತಿ ಸಂಜೆ 5ಕ್ಕೆ ಇಳಿಸಿ, ಯಾಕಂದ್ರೆ ತಿಂದದ್ದು ಅರಗುವಾಗ ಮೈ ಇನ್ನೂ ಕಾಯುತ್ತೆ. ತಣ್ಣೀರು ಮಾತ್ರ ಒಂದು ಗಳಿಗೆನೂ ನಿಲ್ಲಬಾರದು. ಗಾಳಿ ಆಡದ ಶೆಡ್ ಒಳಗೆ ನೀರು ಎರಚೋದು ಬೇಡ, ತೇವ ಏರಿದ್ರೆ ಇನ್ನೂ ಕಷ್ಟ. ಕೋಳಿಗೊಂದು ಚದರಡಿಗಿಂತ ಜಾಸ್ತಿ ಜಾಗ ಬಿಡಿ, ಬೇಸಿಗೆ ಬ್ಯಾಚಿಗೆ ಮರಿ ಕಮ್ಮಿ ತನ್ನಿ.

ಪ್ರಶ್ನೆ: ಈಗಷ್ಟೇ ಸತ್ತಿರೋ ಕೋಳಿ ಬಿಸಿ ಇದ್ರೆ ಕೊಯ್ದು ತಿನ್ನಬಹುದಾ?

ಉತ್ತರ: ಬೇಡ. ನಾಯಿಗೂ ಹಾಕ್ಬೇಡಿ, ಕೆರೆಗೂ ಎಸೀಬೇಡಿ, ಬಾವಿಯಿಂದ ದೂರ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ಒಂದೇ ದಿನ ಹತ್ತಾರು ಸತ್ರೆ, ಜೊತೆಗೆ ಊರಿನ ಕಾಗೆ ಕೊಕ್ಕರೆಗಳೂ ಬೀಳ್ತಿದ್ರೆ ಮುಟ್ಟಲೇಬೇಡಿ, ಮಾರಲೂ ಬೇಡಿ, ಹಕ್ಕಿಜ್ವರ ಇರ್ಬಹುದು, ಮೊದಲು ಪಶು ಆಸ್ಪತ್ರೆಗೆ ಫೋನ್ ಮಾಡಿ, ಗುಂಡಿ ವಿಷಯ ಅವ್ರು ಬಂದು ಹೇಳ್ತಾರೆ.