ಮುಂಬಯಿ ಪಕ್ಕದ ಥಾಣೆಯಲ್ಲಿ ನಾಲ್ಕು ಜನರ ಅಂಗಡಿ, ಎಐ ಹಾಕಿಸಬಹುದಾ?

ನೀವು ಕೇಳಿದ್ದು ಇಷ್ಟು: ಪೈಪ್ ಫಿಟ್ಟಿಂಗ್ ಅಂಗಡಿ, ನಿಮ್ಮನ್ನೂ ಸೇರಿಸಿ ನಾಲ್ಕು ಜನ. ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ತಾನೇ ಉತ್ತರ ಕೊಡೋ ಎಐ ಚಾಟ್‌ಬಾಟ್ ಕೂರಿಸ್ತೀನಿ, 60 ಸಾವಿರ ಕೊಡಿ ಅಂತ ಒಬ್ಬ ಬೆನ್ನುಬಿದ್ದಿದ್ದಾನೆ. ಕೊಡಲಾ, ಬೇಡ್ವಾ?

ಈಗಲೇ ಕೊಡಬೇಡಿ. ಎಐ ವಿರೋಧಿ ಅಂದ್ಕೋಬೇಡಿ, ದಿನಾ ಬಳಸೋಳೇ ನಾನು. ಆದರೆ ನಮಗೆ ಅದು ಉಪಯೋಗಕ್ಕೆ ಬಂದ ಜಾಗ ಬೇರೆ, ಖರ್ಚಾದದ್ದೂ ಬರೀ ದುಡ್ಡಲ್ಲ.

ನಮ್ಮದು ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಿ ನಟ್ಟು-ಬೋಲ್ಟಿನ ಅಂಗಡಿ. ಯಜಮಾನರು ಗಲ್ಲಾ, ವಸೂಲಿ ನೋಡ್ಕೋತಾರೆ. ಮಾಲು ತೆಗೆಯೋಕೆ ಒಬ್ಬ ಹುಡುಗ. ಮೂವತ್ತು ವರ್ಷದಿಂದ ಕೌಂಟರಿನಲ್ಲಿ ನಿಂತಿರೋ ಕಾಕಾ ಒಬ್ಬರು. ಕೊಟೇಶನ್, ಬಿಲ್ಲು ನನ್ನ ಪಾಲು. ಆರ್ಡರ್ ಬರೋ ರೀತಿ ನಿಮಗೂ ಗೊತ್ತಿರುತ್ತೆ: ಒಬ್ಬರು ಹರಿದ ಚೀಟಿ ಫೋಟೋ ಹೊಡೆದು ಕಳಿಸ್ತಾರೆ, ಇನ್ನೊಬ್ಬರು ಲೋಕಲ್ ರೈಲಿನ ಗದ್ದಲದಲ್ಲಿ ಅರ್ಧ ಹಿಂದಿ ಅರ್ಧ ಮರಾಠಿ ವಾಯ್ಸ್ ನೋಟ್ ಹಾಕ್ತಾರೆ. ಅದನ್ನೆಲ್ಲ ಬಿಡಿಸಿ ಟೈಪ್ ಮಾಡೋಷ್ಟರಲ್ಲಿ, ಡೊಂಬಿವಲಿಯ ಮನೆಯಲ್ಲಿ ರಾತ್ರಿ ಹನ್ನೊಂದಾಗ್ತಿತ್ತು. ನನ್ನ ತಲೆನೋವು ಇದೊಂದೇ. ಅದಕ್ಕೇ ಎಐಯನ್ನ ಮೊದಲು ಇದೊಂದಕ್ಕೇ ಹಚ್ಚಿದೆ: ಚೀಟಿ ಫೋಟೋ ಕೊಡೋದು, ಸೈಜು, ಉದ್ದ, ಗ್ರೇಡು, ನಗ (ಎಷ್ಟು ಪೀಸು) ಅಂತ ಪಟ್ಟಿ ಮಾಡಿಸೋದು.

ಅಕ್ಷರ ಓದೋದ್ರಲ್ಲಿ ಅದು ನನಗಿಂತ ಮೇಲು. ಮೂರೇ ದಿನಕ್ಕೆ ನನಗೆ ಧೈರ್ಯ ಬಂತು, ಆ ಧೈರ್ಯವೇ ಪೆಟ್ಟು ಕೊಟ್ಟಿತು.

ಭಿವಂಡಿಯಲ್ಲಿ ಮಗ್ಗ ರಿಪೇರಿ ಮಾಡೋ ಗಿರಾಕಿಯೊಬ್ಬರು "ಚಾರ್ ಸೂತ್, ದೋ ಇಂಚ್, ಸೌ ನಗ್" ಅಂತ ಬರೆದಿದ್ದರು: ನಾಲ್ಕು ಸೂತ್ ದಪ್ಪ, ಎರಡು ಇಂಚು ಉದ್ದ, ನೂರು ಬೋಲ್ಟು. ನಮ್ಮ ಲೈನಿನಲ್ಲಿ ಎಂಟು ಸೂತ್ ಅಂದರೆ ಒಂದು ಇಂಚು, ಹಾಗಾಗಿ ನಾಲ್ಕು ಸೂತ್ ಅರ್ಧ ಇಂಚು, 12.7 ಎಂಎಂ. ಎಐ ಅದನ್ನ ಠಾಕುಠೀಕಾಗಿ ಎಂ12, ಅಂದರೆ 12 ಎಂಎಂ ಬೋಲ್ಟು, ಅಂತ ಬರೀತು. ನಾನು ನೋಡಿದೆ, ಸರಿ ಅನ್ನಿಸ್ತು, ಹುಡುಗ ಎಂ12 ಕಟ್ಟಿ ಟೆಂಪೋಗೆ ಹಾಕಿದ. ಹಳೇ ಮಗ್ಗದಲ್ಲಿರೋದು ಇಂಚಿನ ಲೆಕ್ಕದ ಬಿಎಸ್‌ಡಬ್ಲ್ಯು ಥ್ರೆಡ್, ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಹಲ್ಲು, ಅಂದರೆ ಪಿಚ್ಚು (ಹಲ್ಲಿನಿಂದ ಹಲ್ಲಿಗೆ ಅಂತರ) 2.1 ಎಂಎಂ ಚಿಲ್ಲರೆ. ಎಂ12ರ ಪಿಚ್ಚು 1.75. ಎರಡು ಸುತ್ತು ಹೋಗಿ ಸಿಕ್ಕಿಹಾಕ್ಕೊಳ್ಳುತ್ತೆ. ನೂರು ಬೋಲ್ಟೂ ವಾಪಸ್ ಬಂದವು, ಹೋಗೋ ಬಾಡಿಗೆ ಬರೋ ಬಾಡಿಗೆ ಎರಡೂ ನಮ್ಮ ತಲೆಗೆ. ಕಾಕಾ ಚೀಟಿ ನೋಡಿ, "ಭಿವಂಡಿಯಿಂದ ಬಂದದ್ದಕ್ಕೆ ಯಾರಾದ್ರೂ ಎಂಎಂ ಕೊಡ್ತಾರಾ?" ಅಂದರು. ಚೀಟಿಯಲ್ಲಿ ಭಿವಂಡಿ ಅಂತಲೂ ಇರಲಿಲ್ಲ, ಬಿಎಸ್‌ಡಬ್ಲ್ಯು ಅಂತಲೂ ಇರಲಿಲ್ಲ. ಅದು ಇದ್ದದ್ದು ಕಾಕಾರ ತಲೆಯಲ್ಲಿ.

ಆಮೇಲೆ ಮಾಡಿದ್ದೇ ನಿಜವಾದ ಕೆಲಸ. ಮಧ್ಯಾಹ್ನ ಎರಡರಿಂದ ನಾಲ್ಕು ಗಿರಾಕಿ ಕಮ್ಮಿ, ಆಗ ಕಾಕಾರ ಪಕ್ಕ ನೋಟ್‌ಬುಕ್ ಹಿಡಿದು ಕೂತೆ. ಮೊದಲ ಮೂರು ದಿನ ಅವರು ಊರಿಗೆಲ್ಲ ಗೊತ್ತಿರೋದನ್ನೇ ಹೇಳಿದರು. ನಾಲ್ಕನೇ ದಿನ ಕೇಳಿಯೇಬಿಟ್ಟರು, "ಎಲ್ಲಾ ಮಶೀನಿಗೆ ಹೇಳಿಕೊಟ್ಟ ಮೇಲೆ ನನಗೇನು ಕೆಲಸ, ವಹಿನಿ (ಅತ್ತಿಗೆ)?" ನನ್ನ ಹತ್ತಿರ ಉತ್ತರ ಇರಲಿಲ್ಲ, ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಕಾಕಾರ ಸಂಬಳ ಏರಿಸಿದರು. ಜೊತೆಗೆ ಒಂದು ಕಟ್ಟಳೆ: ಎಐ ಮಾಡಿದ ಪಟ್ಟಿಗೆ ಕಾಕಾ ಟಿಕ್ ಹಾಕದೆ ರ‍್ಯಾಕಿನಿಂದ ಒಂದು ವಾಷರೂ ಇಳೀಬಾರದು. ಕಾಕಾರ ತಲೆಯೊಳಗಿನ ಸರಕು ಹೊರಗೆ ಬಂದದ್ದು ಅದಾದ ಮೇಲೆ.

ಎಂಥ ಸರಕು ಅಂತೀರಾ! ಬರೀ "ಎಚ್‌ಟಿ" (ಹೈ ಟೆನ್ಸೈಲ್, ಹೆಚ್ಚು ಗಟ್ಟಿ ಬೋಲ್ಟು) ಅಂದರೆ ಯಾವ ಗಿರಾಕಿಗೆ 8.8 ಗ್ರೇಡು, ಯಾವ ಗಿರಾಕಿಗೆ 10.9. "ಸ್ಟೀಲ್" ಅಂದರೆ ಮಿಕ್ಕವರಿಗೆ 304 ಗ್ರೇಡಿನ ಸ್ಟೇನ್‌ಲೆಸ್, ಸಸೂನ್ ಡಾಕ್ ಕಡೆ ದೋಣಿ ಕೆಲಸದವರಿಗೆ ಕೇಳದೇ 316, ಉಪ್ಪುನೀರಿಗೆ ತಡೆಯೋದು ಅದೇ. ಏನೂ ಹೇಳದಿದ್ದರೆ ಫುಲ್ ಥ್ರೆಡ್ ಬೇಕಾದವರು ಯಾರು, ಹಾಫ್ ಥ್ರೆಡ್ ಯಾರಿಗೆ. ಎಲ್ಲ ಸೇರಿ ಹದಿನಾಲ್ಕು ಪುಟ. ಈಗ ಪ್ರತಿ ಚೀಟಿ ಜೊತೆ ಈ ಪಟ್ಟಿಯನ್ನೂ ಎಐಗೆ ಕೊಡ್ತೀನಿ, "ಪಟ್ಟಿಯಲ್ಲಿ ಇಲ್ಲದ್ದನ್ನ ಊಹಿಸಬೇಡ, ಪ್ರಶ್ನೆಚಿಹ್ನೆ ಹಾಕು" ಅಂತ ಒಂದು ಸಾಲು ಸೇರಿಸಿ. ಆಗಲೂ ಊಹಿಸುತ್ತೆ, ಮೊದಲಿನಷ್ಟಲ್ಲ. ರಾತ್ರಿ ಊಟದ ಹೊತ್ತಿಗೆ ಕೊಟೇಶನ್ ಮುಗಿದಿರುತ್ತೆ.

ರೇಟು ಮಾತ್ರ ಅದರ ಕೈಗೆ ಕೊಟ್ಟಿಲ್ಲ. ಕಿಲೋದಿಂದ ನಗಕ್ಕೆ ಲೆಕ್ಕ, ಡಿಸ್ಕೌಂಟು, ಜಿಎಸ್‌ಟಿ ಎಲ್ಲ ಎಕ್ಸೆಲ್ಲಿನಲ್ಲೇ. ಮಾತು ಜೋಡಿಸೋ ಯಂತ್ರದ ಹತ್ತಿರ ಮಗ್ಗಿ ಹೇಳಿಸಬಾರದು.

ಇನ್ನೊಂದು ಉಪಯೋಗ, ಬಾಕಿ ವಸೂಲಿಯ ಮೆಸೇಜು. ಗುಜರಾತಿ ಸೇಠ್‌ಗೆ ಗುಜರಾತಿಯಲ್ಲಿ, ವಸಾಯಿಯವರಿಗೆ ಮರಾಠಿಯಲ್ಲಿ ನಯವಾಗಿ ಬರೆದುಕೊಡುತ್ತೆ. ಒಮ್ಮೆ ಮಾತ್ರ ತಾನಾಗಿ ಒಂದು ಸಾಲು ತೂರಿಸಿತ್ತು: ಸಣ್ಣ ಉದ್ದಿಮೆಗಳ ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನದೊಳಗೆ ಹಣ ಬರದಿದ್ದರೆ ಬಡ್ಡಿ ಕಟ್ಟಬೇಕು ಅಂತ. ಯಜಮಾನರಿಗೆ ಖುಷಿಯೋ ಖುಷಿ. ಪುಣ್ಯಕ್ಕೆ ಕಳಿಸೋ ಮುಂಚೆ ಸಿಎಗೆ ತೋರಿಸಿದೆವು. 2006ರ ಆ ಕಾಯ್ದೆಯ ರಕ್ಷಣೆ ತಯಾರಿಕೆ, ಸೇವೆ ಮಾಡೋರಿಗೆ. ನಮ್ಮಂಥ ವ್ಯಾಪಾರಿಗಳಿಗೆ 2021ರ ಜುಲೈನಲ್ಲಿ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ ಸರ್ಕಾರಿ ದಾಖಲೆ) ಕೊಟ್ಟದ್ದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ ಅಂದರು. ಕಾಯ್ದೆ ಇದೆ, 45 ದಿನವೂ ಇದೆ, ನಮಗಿಲ್ಲ ಅಷ್ಟೇ. ನೀವೂ ವ್ಯಾಪಾರಿಯೇ ಆದ್ದರಿಂದ ಹೇಳಿದೆ.

ಈಗ ನಿಮ್ಮ ಚಾಟ್‌ಬಾಟ್ ವಿಷಯ. ಅದು ಗಿರಾಕಿಗೆ ಹೇಳಿದ್ದು ನೀವೇ ಹೇಳಿದ ಹಾಗೆ. ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕನಿಗೆ, ಸಾವಿನ ಮನೆಗೆ ಹೋಗೋರ ರಿಯಾಯಿತಿಯನ್ನ ಪ್ರಯಾಣ ಮುಗಿಸಿ ಬಂದಮೇಲೂ ಕೇಳಬಹುದು ಅಂತ ತಪ್ಪು ಹೇಳಿತ್ತು. ಬಾಟ್ ಹೇಳಿದ್ದಕ್ಕೆ ನಾವು ಹೊಣೆಯಲ್ಲ ಅಂತ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಒಪ್ಪಲಿಲ್ಲ, ದುಡ್ಡು ಕೊಡಿಸಿತು. ವಿಮಾನ ಕಂಪನಿ ತಡ್ಕೊಳ್ಳುತ್ತೆ. ನಿಮ್ಮ ಬಾಟ್ ತಪ್ಪು ರೇಟು ಹೇಳಿದರೆ ಥಾಣೆಯ ಕಾಂಟ್ರಾಕ್ಟರ್ ಕೌಂಟರ್ ಮುಂದೆ ಮೊಬೈಲ್ ಹಿಡಿದು ನಿಂತಿರ್ತಾನೆ.

ದುಡ್ಡಿನ ಮಾತು ಅಂದರೆ, ಚಾಟ್‌ಜಿಪಿಟಿಯ ಗೋ ಪ್ಲ್ಯಾನು ತಿಂಗಳಿಗೆ 399 ರೂಪಾಯಿಗೆ ಬಂದದ್ದು 2025ರ ಆಗಸ್ಟ್‌ನಲ್ಲಿ. ನವೆಂಬರ್‌ನಲ್ಲಿ ಆಗ ಸೇರಿದವರಿಗೆ ಅದನ್ನೇ ವರ್ಷದ ಮಟ್ಟಿಗೆ ಪುಕ್ಕಟೆ ಅಂದರು. ರುಚಿ ಹತ್ತಿಸೋ ಉಪಾಯ, ಇರಲಿ, ಪ್ರಯೋಗಕ್ಕೆ ಅಂಥ ಪ್ಲ್ಯಾನು ಸಾಕು. ಸೆಟ್ಟಿಂಗಿಗೆ ಹೋಗಿ, ನಮ್ಮ ಚಾಟ್‌ಗಳನ್ನ ಮಾಡೆಲ್ ಸುಧಾರಿಸೋಕೆ ಬಳಸೋ ಆಯ್ಕೆಯನ್ನ ಮೊದಲು ಆಫ್ ಮಾಡಿ. ಗಿರಾಕಿ ಹೆಸರು, ಫೋನು, ಬಾಕಿ ಪಟ್ಟಿ, ಖರೀದಿ ರೇಟು ಹಾಕಲೇಬೇಡಿ.

ಇವತ್ತೇ ಮಾಡಬಹುದಾದ್ದು: ಕಳೆದ ವಾರದ ಇಪ್ಪತ್ತು ಆರ್ಡರ್ ಮೆಸೇಜು ತೆಗೆದು, ಹೆಸರು ಅಳಿಸಿ, ನೀವೇ ಎಐಗೆ ಕೊಟ್ಟು ಎಷ್ಟು ತಪ್ಪಿತು ಎಣಿಸಿ. ಅದೇ ಇಪ್ಪತ್ತನ್ನ ಆ 60 ಸಾವಿರದವನ ಬಾಟಿಗೂ ಕೊಡಿ. ಅದರಲ್ಲಿ "ಅರ್ಧ ಇಂಚಿನ ಪೈಪು" ಅಂತ ಒಂದಿರಲಿ. ಜಿಐ ಕಬ್ಬಿಣದ್ದಾದರೆ ಹೊರವ್ಯಾಸ 21.3 ಎಂಎಂ, ಸಿಪಿವಿಸಿ ಪ್ಲಾಸ್ಟಿಕ್ಕಾದರೆ 15.9, ನಿಮಗೆ ಗೊತ್ತೇ ಇದೆ. ಯಾವುದು ಅಂತ ಬಾಟ್ ತಿರುಗಿ ಕೇಳಿದರೆ ಅವನ ಜೊತೆ ರೇಟಿನ ಮಾತಿಗೆ ಕೂರಿ. ಕೇಳದೇ ಒಂದನ್ನ ಬರೆದುಕೊಟ್ಟರೆ ಚಾ ಕುಡಿಸಿ ಕಳಿಸಿ.