‘ಯಾರಿಗೂ ಹೇಳಬೇಡ’ ಎಂದು ಕೊಡುವ ಸಂಬಳ

ಹೇರ್ ಸಲೂನ್ ನಡೆಸುತ್ತಿರುವ ಮಹಿಳೆಯೊಬ್ಬರ ಪತ್ರ ಈ ವಾರ ನನ್ನನ್ನು ಬಹಳ ಕಾಡಿತು. ಅವರ ಬಳಿ ನಾಲ್ವರು ಕೆಲಸಕ್ಕಿದ್ದಾರೆ. ತಾನು ಮಾಡಿದ ಕೆಲಸದ ಬಿಲ್ಲಿನಲ್ಲಿ ಶೇ 40ರಷ್ಟು ಕಮಿಷನ್ ಪಡೆಯುತ್ತಿದ್ದ ಹಿರಿಯ ಸ್ಟೈಲಿಸ್ಟ್, ಇನ್ನು ಶೇ 50 ಕೊಡದಿದ್ದರೆ ತನ್ನ ಗ್ರಾಹಕರನ್ನೂ ಕರೆದುಕೊಂಡು ಹೊರಡುವುದಾಗಿ ಹೇಳಿದ್ದಾರೆ. ಇನ್ನಿಬ್ಬರಿಗೆ ಸಂಬಳದ ಜೊತೆ ಸಣ್ಣ ಕಮಿಷನ್ ಇದೆ. ತಲೆ ತೊಳೆಯುವ, ಬಣ್ಣ ಕಲಸುವ ಸಹಾಯಕಿಗೆ ಬರೀ ಸಂಬಳ. ಸಲೂನ್ ನಡೆಸುವ ಗೆಳತಿಯೊಬ್ಬರು ‘ಎಲ್ಲರನ್ನೂ ಪೂರ್ತಿ ಕಮಿಷನ್ ಮೇಲೆ ಹಾಕಿಬಿಡು’ ಎಂದಿದ್ದಾರೆ. ಏನು ಮಾಡಲಿ ಎಂದು ಕೇಳಿದ್ದಾರೆ.

ನಿಮ್ಮ ಪತ್ರದ ಬಹುಪಾಲು ಆ ಸ್ಟೈಲಿಸ್ಟಿನ ಬೆದರಿಕೆಗೇ ಹೋಗಿದೆ. ನಡುವೆ ಮಾತ್ರ ಒಂದು ಸಾಲನ್ನು ನೀವು ಲಘುವಾಗಿ ಬರೆದು ಮುಂದೆ ಹೋಗಿದ್ದೀರಿ: ‘ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿಯಬಾರದೆಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದೇನೆ.’ ನನ್ನ ಮಟ್ಟಿಗೆ ಇಡೀ ಸಮಸ್ಯೆಯ ಬೇರು ಅಲ್ಲಿದೆ. ಏನು ಸಾಧಿಸಿದರೆ ಎಷ್ಟು ಹೆಚ್ಚುತ್ತದೆ ಎಂಬ ನಿಯಮವೇ ಯಾರಿಗೂ ಗೊತ್ತಿಲ್ಲದ ಕಡೆ, ಹೆಚ್ಚು ಸಂಬಳ ಕೇಳಲು ಉಳಿಯುವ ದಾರಿ ಬೆದರಿಕೆಯೊಂದೇ. ಕೆಲಸ ಬಲ್ಲವರು ಆ ದಾರಿ ಹಿಡಿಯುತ್ತಾರೆ, ಧೈರ್ಯವಿಲ್ಲದವರು ಸುಮ್ಮನಿರುತ್ತಾರೆ. ‘ಅವಳು ಏನೂ ಕೇಳುವುದಿಲ್ಲ’ ಎಂದು ಸಹಾಯಕಿಯ ಬಗ್ಗೆ ನೀವು ಮೆಚ್ಚುಗೆಯಿಂದ ಬರೆದದ್ದನ್ನು ಓದಿ ನನಗೆ ಸಂಕಟವಾಯಿತು. ಬಣ್ಣದ ಪ್ರತಿಯೊಂದು ಬಿಲ್ಲಿನ ಹಿಂದೆಯೂ ಆಕೆಯ ಕೈಕೆಲಸವಿದೆ. ಕಮಿಷನ್ ಮಾತ್ರ ಬೇರೆಯವರಿಗೆ ಸಲ್ಲುತ್ತಿದೆ.

ಶೇ 50 ಎಂಬ ಅಂಕಿಗೆ ಹೆದರುವ ಮೊದಲು ಅದು ಯಾವುದರ ಮೇಲೆ ಎಂದು ಕೇಳಿ. ಬಣ್ಣ ಹಚ್ಚಿದ ಬಿಲ್ 100 ಆಗಿದ್ದು, ಸಾಮಗ್ರಿಗೆ 15 ತಗುಲಿತೆಂದುಕೊಳ್ಳೋಣ. ಪೂರ್ತಿ ಬಿಲ್ಲಿನ ಮೇಲೆ ಶೇ 40 ಕೊಟ್ಟರೆ ನಿಮಗೆ 45 ಉಳಿಯುತ್ತದೆ, ಶೇ 50 ಕೊಟ್ಟರೆ 35 ಉಳಿಯುತ್ತದೆ. ಬಾಡಿಗೆ, ವಿದ್ಯುತ್, ಸಹಾಯಕಿಯ ಸಂಬಳ ಎಲ್ಲವೂ ಅದರಿಂದಲೇ ಹೋಗಬೇಕು. ಸಾಮಗ್ರಿಯ ಖರ್ಚು ಕಳೆದು ಶೇ 50 ಕೊಟ್ಟರೆ ಇಬ್ಬರಿಗೂ 42.5 ಬರುತ್ತದೆ. ಸಾಮಗ್ರಿ ಹೆಚ್ಚು ಬೇಡದ ಹೇರ್ ಕಟ್‌ನಲ್ಲಿ ಸ್ಟೈಲಿಸ್ಟಿಗೆ ಹೆಚ್ಚುಕಡಿಮೆ ಪೂರ್ತಿ ಅರ್ಧ ಸಿಗುತ್ತದೆ, ಅದು ನ್ಯಾಯವೂ ಹೌದು. ನೀವು ರಿಯಾಯಿತಿ ಕೊಟ್ಟಾಗ ಕಮಿಷನ್ ಮೂಲ ದರದ ಮೇಲೋ ಇಳಿಸಿದ ದರದ ಮೇಲೋ, ಗ್ರಾಹಕರು ಅಸಮಾಧಾನದಿಂದ ಮರಳಿ ಬಂದು ಕೆಲಸವನ್ನು ಮತ್ತೆ ಮಾಡಬೇಕಾದಾಗ ಅದರ ಖರ್ಚು ಯಾರದು ಎಂಬುದನ್ನೂ ನೀವು ಎಲ್ಲಿಯೂ ನಿರ್ಧರಿಸಿದಂತಿಲ್ಲ.

ನಿಮ್ಮ ಗೆಳತಿಯ ಸಲಹೆಯ ಬಗ್ಗೆ ನನಗೆ ನಿಜಕ್ಕೂ ಕೋಪವಿದೆ. ಪೂರ್ತಿ ಕಮಿಷನ್ ಎಂದರೆ ಗ್ರಾಹಕರಿಲ್ಲದ ದಿನಗಳ ನಷ್ಟವನ್ನೆಲ್ಲ ಕೆಲಸದವರ ತಲೆಗೆ ಕಟ್ಟುವುದು. ಬೆಳಿಗ್ಗೆಯಿಂದ ಬಂದು ಕುಳಿತಿರಬೇಕು, ಕತ್ತರಿ ಬಾಚಣಿಗೆ ಶುಚಿಯಾಗಿಡಬೇಕು, ಫೋನ್ ಎತ್ತಬೇಕು ಎನ್ನುವವರು ಆ ಹೊತ್ತಿಗೂ ಸಂಬಳ ಕೊಡಬೇಕು. ಕನಿಷ್ಠ ವೇತನದ ಕಾನೂನಿರುವ ಕಡೆ ಕಮಿಷನ್ ಕಡಿಮೆಯಾಯಿತೆಂದು ಅದಕ್ಕಿಂತ ಕೆಳಗಿಳಿಯಲು ಸಾಮಾನ್ಯವಾಗಿ ಅವಕಾಶವೂ ಇಲ್ಲ. ಅಲ್ಲದೆ ಒಳಬಂದ ಗ್ರಾಹಕರಿಗಾಗಿ ಕಿತ್ತಾಟ ಶುರುವಾಗುತ್ತದೆ, ಕಿರಿಯರಿಗೆ ಕೆಲಸ ಕಲಿಸಲು ಯಾರೂ ಮುಂದಾಗುವುದಿಲ್ಲ. ಸಲೂನಿನ ಕುರ್ಚಿಯನ್ನೇ ಸ್ಟೈಲಿಸ್ಟಿಗೆ ಬಾಡಿಗೆಗೆ ಕೊಡುವುದು ಬೇರೆ ಏರ್ಪಾಡು. ಅಲ್ಲಿ ಸಮಯ, ದರ, ಸಾಮಗ್ರಿ ಎಲ್ಲವೂ ಬಾಡಿಗೆದಾರರ ಇಷ್ಟ.

ಹಣದ ಮಾತು ಬಾಯಲ್ಲಿ ಉಳಿಯಬಾರದು, ಹಾಳೆಗೆ ಇಳಿಯಬೇಕು ಎಂದು ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆದಿದ್ದೇನೆ. ನಿಮಗೂ ಅದೊಂದೇ ಸೂಚನೆ: ಮುಂದಿನ ಸಂಬಳದ ದಿನಕ್ಕೆ ಮೊದಲು, ನಾಲ್ವರಿಗೂ ಅನ್ವಯಿಸುವ ಒಂದೇ ಹಾಳೆ ಬರೆಯಿರಿ. ಪ್ರತಿ ಹಂತಕ್ಕೂ ಖಚಿತವಾದ ಮೂಲ ಸಂಬಳ, ಅದರ ಎರಡೂವರೆ ಅಥವಾ ಮೂರು ಪಟ್ಟು ಮೊತ್ತದ ಕೆಲಸವಾದ ಮೇಲೆ ಶುರುವಾಗುವ ಕಮಿಷನ್, ಸಾಮಗ್ರಿ ಮತ್ತು ರಿಯಾಯಿತಿಯ ಲೆಕ್ಕ, ಟಿಪ್ಸ್ ಹಂಚಿಕೆ, ಬಣ್ಣದ ಕೆಲಸದಲ್ಲಿ ಸಹಾಯಕಿಯ ಪಾಲು, ಆಕೆ ಏನೇನು ಸ್ವತಂತ್ರವಾಗಿ ಮಾಡಲು ಕಲಿತರೆ ಮೇಲಿನ ಹಂತಕ್ಕೆ ಏರುತ್ತಾಳೆ ಎಂಬುದು ಎಲ್ಲವೂ ಅದರಲ್ಲಿರಲಿ. ನಾಲ್ವರ ಎದುರು ಓದಲು ಸಂಕೋಚವಾಗುವ ಸಾಲು ಇದ್ದರೆ ಅದನ್ನು ಅಲ್ಲಿಯೇ ತಿದ್ದಿ.

ಹಿರಿಯ ಸ್ಟೈಲಿಸ್ಟಿಗೆ ಉತ್ತರ ಕೊಡುವುದು ಇದಾದ ಮೇಲೆಯೇ, ಆ ಹಾಳೆಯ ಮೂಲಕವೇ. ಅವರು ಹೊರಟರೆ ಕೆಲವು ಗ್ರಾಹಕರು ಖಂಡಿತ ಹೋಗುತ್ತಾರೆ, ಅದಕ್ಕೆ ಸಿದ್ಧರಾಗಿರಿ. ಬೆದರಿಕೆಗೆ ಮಣಿದು ಇಂದು ಶೇ 50 ಕೊಟ್ಟರೆ ನಾಳೆ ಶೇ 60ರ ಮಾತು ಬರುತ್ತದೆ. ಹಾಳೆಯನ್ನು ನಾಲ್ವರ ಎದುರಿಗೆ ಒಟ್ಟಿಗೇ ಓದಿ. ಆ ಹೊತ್ತಿನಲ್ಲಿ ಸಹಾಯಕಿಯನ್ನು ಗ್ರಾಹಕರನ್ನು ನೋಡಿಕೊಳ್ಳಲೆಂದು ಹೊರಗೆ ಕೂರಿಸಬೇಡಿ, ಅರ್ಧ ಗಂಟೆ ಸಲೂನಿನ ಬಾಗಿಲು ಮುಚ್ಚಿ.